ದಿಬ್ಬಣದ ಹಿಂದೊಂದು ತೋಪಿನ ಹಡಗು

ಸಮುದ್ರಯುದ್ಧದ ಚರಿತ್ರೆ ಬರೆಯುವವರಿಗೆ ತೋಪು ಹಾರದ ದಿನದ ಬಗ್ಗೆ ಬರೆಯಲು ಕೈಯೇ ಏಳುವುದಿಲ್ಲ. ಟ್ರಫಾಲ್ಗರ್ ಕಾಳಗ ಮಧ್ಯಾಹ್ನ ಶುರುವಾಗಿ ಸಂಜೆಯೊಳಗೆ ಮುಗಿದುಹೋಯಿತು. ಅದರ ಮೇಲೆ ಬಂದಿರುವ ಪುಸ್ತಕಗಳನ್ನು ಓದಿ ಮುಗಿಸಲು ಒಂದು ಜನ್ಮ ಸಾಲದು. ಹದಿನೆಂಟನೆಯ ಶತಮಾನದ ಒಬ್ಬ ಬ್ರಿಟಿಷ್ ಕ್ಯಾಪ್ಟನ್‌ನನ್ನು ಗೋರಿಯಿಂದ ಎಬ್ಬಿಸಿ ಕೂರಿಸಿ, "ಸಾಹೇಬರೇ, ಕಡಲ ಮೇಲೆ ಇಷ್ಟು ವರ್ಷ ಏನು ಮಾಡಿದಿರಿ?" ಎಂದು ಕೇಳಿ ನೋಡಿ. ಮೊಮ್ಮಕ್ಕಳು ಹತ್ತಿರದಲ್ಲಿ ಇಲ್ಲದಿದ್ದರೆ ಸತ್ಯ ಹೇಳಿಯಾನು: "ಸಕ್ಕರೆ ಪೀಪಾಯಿ ಕಾಯುತ್ತಿದ್ದೆ."

ಹೌದು, ಸಕ್ಕರೆ. ಅದರ ಜತೆಗೆ ತಂಬಾಕು, ಕಾಫಿ, ನ್ಯೂಫೌಂಡ್‌ಲ್ಯಾಂಡಿನ ಉಪ್ಪುಮೀನು, ಐರ್ಲೆಂಡಿನ ಕಾರ್ಕ್ ಬಂದರಿನಿಂದ ಹೊರಡುವ ಬೆಣ್ಣೆ ಮತ್ತು ಉಪ್ಪು ಹಾಕಿದ ದನದ ಮಾಂಸ. ಇಂಗ್ಲೆಂಡಿಗೂ ಫ್ರಾನ್ಸಿಗೂ ಆ ಶತಮಾನದಲ್ಲಿ ಜಗಳವಿಲ್ಲದ ವರ್ಷಗಳೇ ಕಡಿಮೆ. ಯುದ್ಧ ಶುರುವಾಯಿತೆಂದರೆ ಅಟ್ಲಾಂಟಿಕ್ ತುಂಬ ಲೂಟಿ ಹಡಗುಗಳು. ಸರ್ಕಾರದ ಪರವಾನಗಿ ಕೈಯಲ್ಲಿ ಹಿಡಿದು ಶತ್ರುದೇಶದ ಸರಕನ್ನು ದೋಚುವ ಖಾಸಗಿಯವರು, ಎಂದರೆ ರಸೀದಿ ಕೊಡುವ ಕಳ್ಳರು. ಒಂಟಿಯಾಗಿ ಹೋದ ಹಡಗು ಅವರ ಬಾಯಿಗೆ ಬಿತ್ತೆಂದೇ ಲೆಕ್ಕ. ಆದ್ದರಿಂದ ಎಲ್ಲರೂ ಒಟ್ಟಿಗೆ ಹೊರಡಿ, ಜತೆಗೆ ಒಂದೆರಡು ಯುದ್ಧನೌಕೆ ಬೆಂಗಾವಲಿಗೆ ಬರುತ್ತವೆ ಎಂಬ ಏರ್ಪಾಟು ಬೆಳೆಯಿತು. ಕೇಳುವುದಕ್ಕೆ ಇಷ್ಟೇ.

ಮಾಡುವುದು ಮಾತ್ರ ಬೇರೆ ಕಥೆ. ನೂರು ಮನೆಯವರ ಮದುವೆ ದಿಬ್ಬಣವನ್ನು ಒಬ್ಬನೇ ಹೊರಡಿಸಿ, ಒಬ್ಬನೇ ತಲುಪಿಸಿದ ಅನುಭವ ಯಾರಿಗಾದರೂ ಇದ್ದರೆ ಅವರಿಗೆ ಈ ಕ್ಯಾಪ್ಟನ್‌ನ ಪಾಡು ಬಿಡಿಸಿ ಹೇಳಬೇಕಾಗಿಲ್ಲ. ಹೊರಡುವ ಹೊತ್ತಿಗೆ ಇಬ್ಬರು ಬಂದಿರುವುದಿಲ್ಲ. ಬಂದವರಲ್ಲಿ ಒಬ್ಬನ ಹಗ್ಗ ಕಿತ್ತಿರುತ್ತದೆ, ಇನ್ನೊಬ್ಬನ ಹಡಗಿಗೆ ನೀರು ಜಿನುಗುತ್ತಿರುತ್ತದೆ. ಎಲ್ಲರೂ ಸೇರುವಷ್ಟರಲ್ಲಿ ಗಾಳಿಯ ದಿಕ್ಕೇ ಬದಲಾಗಿರುತ್ತದೆ. ಸ್ಪಿಟ್‌ಹೆಡ್‌ನ ಲಂಗರುತಾಣದಲ್ಲಿ ವಾರಗಟ್ಟಲೆ ಗಾಳಿಗೆ ಕಾದು ಕುಳಿತು, ಕೊನೆಗೊಂದು ಬೆಳಗ್ಗೆ ಗಾಳಿ ತಿರುಗಿ, ಮುಖ್ಯ ಹಡಗಿನಿಂದ ತೋಪಿನ ಸಂಕೇತ ಹಾರಿದಾಗ, ಅರ್ಧ ಜನ ದಡದ ಹೆಂಡದಂಗಡಿಯಲ್ಲಿರುತ್ತಿದ್ದರು ಎಂದರೆ ಅತಿಶಯೋಕ್ತಿಯಾಗಲಾರದು.

ಹೊರಟ ಮೇಲೆ ಒಂದೇ ನಿಯಮ: ಎಲ್ಲಕ್ಕಿಂತ ನಿಧಾನವಾದ ಹಡಗಿನ ವೇಗವೇ ಎಲ್ಲರ ವೇಗ. ಫ್ರಿಗೇಟ್ ಎಂಬ ಒಳ್ಳೆಯ ಚುರುಕಿನ ಯುದ್ಧನೌಕೆ ಬೆಳಗ್ಗೆಯಿಂದ ಸಂಜೆಯವರೆಗೆ ಓಡಬಹುದಾದ ದೂರವನ್ನು, ಪಾಚಿ ಹಿಡಿದ ತಳದ ಯಾವುದೋ ಸಕ್ಕರೆ ಹಡಗಿನ ಕೃಪೆಯಿಂದ ಎರಡು ಮೂರು ದಿನ ತೆವಳಬೇಕು. ಹಿಂದುಳಿದವನಿಗೆ ಹಗ್ಗ ಎಸೆದು ಎಳೆದುಕೊಂಡು ಹೋಗಬೇಕು. ಮುಂದೆ ಓಡಿದವನ ಮೂಗಿನ ಮುಂದೆ ಗುಂಡು ಹಾರಿಸಿ ನಿಲ್ಲಿಸಬೇಕು. ಹಗಲಿನಲ್ಲಿ ಬಾವುಟ, ರಾತ್ರಿ ಲಾಂದ್ರ, ಮಂಜು ಕವಿದರೆ ಗಂಟೆಗಿಷ್ಟು ತೋಪು. ಈ ಸಂಕೇತಗಳನ್ನೆಲ್ಲ ಅಚ್ಚು ಹಾಕಿಸಿ, ಪ್ರತಿ ಸರಕು ಹಡಗಿನ ಒಡೆಯನಿಗೂ ಸಹಿ ಹಾಕಿದ ಒಂದು ಪ್ರತಿ ಕೊಡುತ್ತಿದ್ದರು. ಶತ್ರು ಹತ್ತಿ ಬಂದರೆ ಆ ಕಾಗದಕ್ಕೆ ಸೀಸದ ತುಂಡು ಕಟ್ಟಿ ಸಮುದ್ರಕ್ಕೆ ಎಸೆಯಬೇಕು. ಎಸೆಯುವುದಿರಲಿ, ಎಷ್ಟು ಜನ ಅದನ್ನು ಬಿಡಿಸಿ ಓದಿದ್ದರೋ. ಕತ್ತಲಾಗುತ್ತಲೇ ಹಾಯಿ ಇಳಿಸಿ ಹಾಯಾಗಿ ಮಲಗಿಬಿಡುವುದು ಸರಕು ಹಡಗಿನವರ ಅಭ್ಯಾಸ. ಬೆಳಕು ಹರಿದಾಗ ಅರ್ಧ ತಂಡ ದಿಗಂತದ ಆಚೆ. 1781ರ ಕೊನೆಯಲ್ಲಿ ಮುಂದೆ ಟ್ರಫಾಲ್ಗರಿನ ವೀರನಾಗಲಿದ್ದ ಇಪ್ಪತ್ತಮೂರು ವರ್ಷದ ನೆಲ್ಸನ್ ಆಲ್ಬೆಮಾರ್ಲ್ ಎಂಬ ಫ್ರಿಗೇಟಿನಲ್ಲಿ ಬಾಲ್ಟಿಕ್ ಕಡೆಯ ಸರಕು ಹಡಗುಗಳನ್ನು ಕರೆತಂದ. ಆಮೇಲೆ ಪತ್ರ ಬರೆಯುತ್ತಾ, ತಾನು ಕಂಡ ಎಲ್ಲ ತಂಡಗಳ ಹಾಗೆಯೇ ಇವರೂ ನಾಚಿಕೆಗೆಟ್ಟು ನಡೆದುಕೊಂಡರು, ದಿನಕ್ಕೊಬ್ಬರು ತಪ್ಪಿಸಿಕೊಂಡರು ಎಂದು ಗೊಣಗಿದ. ಮುಂದೆ ಫ್ರೆಂಚರ ಬಗ್ಗೆಯೂ ಅವನು ಗೊಣಗಿದ್ದುಂಟು, ಆದರೆ ಈ ಪತ್ರದ ಕಹಿ ಬೇರೆ ಜಾತಿಯದು. ಶತ್ರುವನ್ನು ಸುಡಬಹುದು, ಇವರನ್ನು ಏನು ಮಾಡುವುದು?

ಸರಕು ಹಡಗಿನವರ ಪರವಾಗಿಯೂ ಒಂದು ಮಾತು ಹೇಳಬೇಕು, ಏಕೆಂದರೆ ಚರಿತ್ರೆಯಲ್ಲಿ ಅವರ ಪರ ವಕೀಲರೇ ಇಲ್ಲ. ಒಬ್ಬನೇ ಹೋಗಿ ಮೊದಲು ಲಂಡನ್ ಮುಟ್ಟಿದ ಸಕ್ಕರೆಗೆ ಹೇಳಿದ ಬೆಲೆ. ನೂರು ಹಡಗು ಒಂದೇ ದಿನ ಬಂದು ನಿಂತರೆ ಬೆಲೆ ನೆಲಕಚ್ಚುತ್ತದೆ, ಸರಕು ಇಳಿಸಲು ಕಟ್ಟೆಯಲ್ಲಿ ಜಾಗವೂ ಸಿಗುವುದಿಲ್ಲ. ಟೊಮೆಟೊ ಬೆಳೆದವರಿಗೆ ಈ ಅರ್ಥಶಾಸ್ತ್ರ ಪಾಠ ಹೇಳುವ ಅಗತ್ಯವಿಲ್ಲ. ಜತೆಗೆ, ಕಾಯಲು ಬಂದ ನೌಕಾಪಡೆಯೇ ಇನ್ನೊಂದು ಕಡೆಯಿಂದ ಕಳ್ಳ. ಯುದ್ಧಕಾಲದಲ್ಲಿ ನಾವಿಕರನ್ನು ಬಲವಂತವಾಗಿ ಹಿಡಿದು ಪಡೆಗೆ ಸೇರಿಸಿಕೊಳ್ಳುವ ಅಧಿಕಾರ ಅವರಿಗಿತ್ತು. ತಿಂಗಳುಗಟ್ಟಲೆ ಕಡಲು ದಾಟಿ, ಇನ್ನೇನು ಮನೆಯ ದಡ ಕಾಣಿಸಿತು ಎನ್ನುವಾಗ ಯುದ್ಧನೌಕೆಯ ದೋಣಿ ಪಕ್ಕಕ್ಕೆ ಬಂದು, ಗಟ್ಟಿಮುಟ್ಟಾದ ಖಲಾಸಿಗಳನ್ನು ಎಣಿಸಿ ಎತ್ತಿಕೊಂಡು ಹೋಗುತ್ತಿತ್ತು. ಅಂಥವರ ಹಿಂದೆ ಅಂಟಿಕೊಂಡೇ ಹೋಗಿ ಎಂದರೆ ಯಾವನಿಗೆ ಮನಸ್ಸು ಬಂದೀತು?

ಹಾಗಾದರೆ ಇವರನ್ನು ಒಟ್ಟಿಗೆ ಹಿಡಿದಿಟ್ಟದ್ದು ಯಾರು? ಸಮುದ್ರವನ್ನು ಕಣ್ಣಿಟ್ಟು ನೋಡದ ಜನ. ಲಂಡನ್ನಿನ ಎಡ್ವರ್ಡ್ ಲಾಯ್ಡ್‌ನ ಕಾಫಿ ಅಂಗಡಿಯಲ್ಲಿ ಶುರುವಾಗಿ, 1774ರಲ್ಲಿ ರಾಯಲ್ ಎಕ್ಸ್‌ಚೇಂಜ್ ಕಟ್ಟಡಕ್ಕೆ ವಾಸ ಬದಲಿಸಿದ ವಿಮೆಯ ಮಂದಿ. ಬೆಂಗಾವಲಿನ ಜತೆ ಹೊರಡುತ್ತೇನೆಂದು ಕರಾರಿನಲ್ಲಿ ಬರೆದುಕೊಟ್ಟರೆ ಕಂತು ಕಡಿಮೆ. ವೆಸ್ಟ್ ಇಂಡೀಸಿನಿಂದ ಆಗಸ್ಟ್ 1ರೊಳಗೆ ಹೊರಡದಿದ್ದರೆ ಚಂಡಮಾರುತದ ಕಾಲವೆಂದು ಕಂತು ಇಮ್ಮಡಿ. ಜಮೈಕಾದಲ್ಲಿ ಕಬ್ಬು ಅರೆಯುವ ಕೆಲಸದ ಗಡಿಬಿಡಿಯೂ, ಜುಲೈ ಕೊನೆಯಲ್ಲಿ ಬಂದರು ತುಂಬ ಹಡಗು ಒತ್ತರಿಸುವುದೂ ಈ ಒಂದು ತಾರೀಖಿನ ಪ್ರತಾಪ. ಬೆಂಗಾವಲಿನ ಮುಖ್ಯಸ್ಥ ಕೊಮೊಡೋರ್ ಎಷ್ಟೇ ಬಾವುಟ ಹಾರಿಸಲಿ, ತಂಡದ ನಿಜವಾದ ಕೊಮೊಡೋರ್ ಕಾಫಿ ಹೀರುತ್ತಾ ಮೇಜಿನ ಮುಂದೆ ಕೂತಿದ್ದ ಎಂಬುದು ನನ್ನ ಬಲವಾದ ಗುಮಾನಿ. ಸರ್ಕಾರಕ್ಕೆ ಇದನ್ನು ಕಾನೂನು ಮಾಡಲು ಶತಮಾನವೇ ಹಿಡಿಯಿತು. 1798ರ ಕಾಯ್ದೆಯಲ್ಲಿ, ಬೆಂಗಾವಲಿಲ್ಲದೆ ಹೊರದೇಶಕ್ಕೆ ಹೋದರೆ 1,000 ಪೌಂಡ್ ದಂಡ ಎಂದು ಬರೆದರು, ಕಾಯುವುದಕ್ಕೆಂದು ತೆರಿಗೆಯನ್ನೂ ಹಾಕಿದರು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಿಗೆ ವಿನಾಯಿತಿ. ಕಂಪನಿಗೆ ಯಾವುದರಲ್ಲಿ ತಾನೇ ವಿನಾಯಿತಿ ಇರಲಿಲ್ಲ!

ಕಾಯುವವನ ಕಷ್ಟಕ್ಕೆ ಇನ್ನೊಂದು ಬೇರಿದೆ. 1708ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿ, ಶತ್ರುವಿನ ಹಡಗು ಹಿಡಿದರೆ ಅದರ ಬೆಲೆಯೆಲ್ಲ ಹಿಡಿದವರಿಗೇ ಎಂದು ಬಿಟ್ಟುಕೊಟ್ಟಿತು. ಕ್ಯಾಪ್ಟನ್‌ನ ಪಾಲು ಎಂಟರಲ್ಲಿ ಮೂರು; ಮೇಲೊಬ್ಬ ಅಡ್ಮಿರಲ್ ಇದ್ದರೆ ಅದರಲ್ಲಿ ಒಂದು ಅವನಿಗೆ. ಒಂದು ಕೊಬ್ಬಿದ ಹಡಗು ಸಿಕ್ಕರೆ ಊರಲ್ಲಿ ತೋಟ, ಬಂಗಲೆ, ಪಾರ್ಲಿಮೆಂಟಿನಲ್ಲಿ ಒಂದು ಕುರ್ಚಿ. ಈಗ ಯೋಚಿಸಿ: ನಿಮ್ಮ ಹಿಂದೆ ನೂರು ಸಕ್ಕರೆ ಹಡಗು ಕುಂಟುತ್ತಿವೆ. ದಿಗಂತದಲ್ಲಿ ಒಂಟಿ ಫ್ರೆಂಚ್ ಹಾಯಿ ಕಾಣಿಸುತ್ತದೆ. ಬೆನ್ನಟ್ಟಿದರೆ ಸಂಜೆಯೊಳಗೆ ಸಿಕ್ಕೀತು. ಆದರೆ ಬಿಟ್ಟು ಹೋದ ಗಳಿಗೆಯಲ್ಲಿ ಇನ್ನೊಂದು ಕಡೆಯಿಂದ ತೋಳ ನುಗ್ಗಿದರೆ? ಬೇಟೆಗೆ ಬಹುಮಾನ, ಕಾವಲಿಗೆ ಬರೀ ಸಂಬಳ. ಇಂಥ ಲೆಕ್ಕ ಹಾಕಿಕೊಟ್ಟು, ಆಮೇಲೆ ಕ್ಯಾಪ್ಟನ್‌ಗಳಿಗೆ ಕಾವಲಿನಲ್ಲಿ ಮನಸ್ಸಿಲ್ಲ ಎಂದು ದೂರುವುದು ಸರ್ಕಾರಗಳಿಗೆ ಮಾತ್ರ ಸಾಧ್ಯ. ಬಿಡದೆ ನಿಂತು ಎಲ್ಲರನ್ನೂ ತಲುಪಿಸಿದವನಿಗೆ ಹೆಚ್ಚೆಂದರೆ ವರ್ತಕರ ಸಂಘದಿಂದ ಒಂದು ಬೆಳ್ಳಿಯ ಪಾತ್ರೆ.

ನಿಂತವರಲ್ಲಿ ನನಗೆ ಎಲ್ಲರಿಗಿಂತ ಮೆಚ್ಚುಗೆಯಾಗುವವನು ಸೋತ ಫ್ರೆಂಚಿನವನು, ಲೆತಾಂದ್ಯುಯೇರ್. 1747ರ ಅಕ್ಟೋಬರ್. ಆ ಮೇ ತಿಂಗಳಲ್ಲಷ್ಟೇ ಕೇಪ್ ಫಿನಿಸ್ಟರ್ ಹತ್ತಿರ ಬ್ರಿಟಿಷ್ ಅಡ್ಮಿರಲ್ ಆನ್ಸನ್ ಒಂದು ಫ್ರೆಂಚ್ ಬೆಂಗಾವಲನ್ನು ಗುಡಿಸಿ ಹಾಕಿದ್ದ. ಈಗ ವೆಸ್ಟ್ ಇಂಡೀಸಿಗೆ ಹೊರಟ 250ರಷ್ಟು ಸರಕು ಹಡಗುಗಳನ್ನು ಲೆತಾಂದ್ಯುಯೇರ್ ಕರೆದೊಯ್ಯಬೇಕು. ಎದುರಾದವನು ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹಾಕ್, 14 ದೊಡ್ಡ ಯುದ್ಧನೌಕೆಗಳೊಂದಿಗೆ. ಇವನ ಕೈಯಲ್ಲಿದ್ದದ್ದು ಎಂಟು. ಸರಕು ಹಡಗುಗಳಿಗೆ "ನೀವು ನಡೆಯಿರಿ" ಎಂದು ಸಂಕೇತ ಕೊಟ್ಟು, ಎಂಟನ್ನು ಅಡ್ಡಸಾಲು ನಿಲ್ಲಿಸಿದ. ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಹೊಡೆದಾಟ. ಹಾಯಿಗಂಬಗಳು ಮುರಿದು ಬೀಳುತ್ತಾ ಒಂದೊಂದಾಗಿ ಆರು ಹಡಗು ಹಾಕ್‌ನ ವಶವಾದವು. ಲೆತಾಂದ್ಯುಯೇರನ ತೊನ್ನಾಂ ಮತ್ತು ಅದರ ಸಹಾಯಕ್ಕೆ ತಿರುಗಿ ಬಂದ ಆಂತ್ರೆಪೀಡ್ ಮಾತ್ರ ರಾತ್ರಿಯಲ್ಲಿ ಪಾರಾದವು. ಆದರೆ ಹಾಕ್‌ನ ಹಡಗುಗಳ ಹಗ್ಗ, ಹಾಯಿ ಎಲ್ಲ ಹರಿದು ಚಿಂದಿಯಾಗಿದ್ದವು. ಆ 250 ಹಡಗುಗಳನ್ನು ಬೆನ್ನಟ್ಟಲು ಅವನಿಗೆ ಕಾಲೇ ಉಳಿದಿರಲಿಲ್ಲ. ಇಂಗ್ಲಿಷ್ ಪುಸ್ತಕಗಳಲ್ಲಿ ಇದು ಹಾಕ್‌ನ ಮಹಾವಿಜಯ. ಕೊಟ್ಟ ಕೆಲಸ ಯಾವುದು ಎಂದು ನೋಡಿದರೆ ಗೆದ್ದವನು ಲೆತಾಂದ್ಯುಯೇರ್. ಆದರೆ ಹಾಕ್ ಸುಮ್ಮನೆ ಕೂರುವ ಆಸಾಮಿಯಲ್ಲ. ಒಂದು ಚುರುಕಿನ ಪುಟ್ಟ ಹಡಗನ್ನು ಮುಂದಾಗಿ ಲೀವರ್ಡ್ ದ್ವೀಪಗಳಿಗೆ ಓಡಿಸಿ ಸುದ್ದಿ ಮುಟ್ಟಿಸಿದ. ಅಲ್ಲಿ ಹೊಂಚು ಹಾಕಿ ಕೂತ ಬ್ರಿಟಿಷರಿಗೆ ಸುಮಾರು 40 ಹಡಗು ಸಿಕ್ಕವು.

ಫ್ರೆಂಚರಲ್ಲಿ ಎಲ್ಲರೂ ಹೀಗಿರಲಿಲ್ಲ. 1781ರ ಡಿಸೆಂಬರಿನಲ್ಲಿ ದ ಗಿಷಾನ್ ಎಂಬ ಅಡ್ಮಿರಲ್ ಸಾಮಗ್ರಿ ತಂಡವೊಂದನ್ನು ಕಾಯಲು 19 ದೊಡ್ಡ ಹಡಗುಗಳನ್ನು ಇಟ್ಟುಕೊಂಡು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತೋ ಅದರ ವಿರುದ್ಧ ಬದಿಗೆ ಹೋಗಿ ನಿಂತಿದ್ದ. ಬ್ರಿಟಿಷ್ ಅಡ್ಮಿರಲ್ ಕೆಂಪೆನ್‌ಫೆಲ್ಟ್ 12 ಹಡಗಿನೊಂದಿಗೆ ಗಾಳಿಯ ಕಡೆಯಿಂದ ಇಳಿದು ಬಂದು, ಅವನ ಕಣ್ಣೆದುರಿಗೇ 15 ಸಾಮಗ್ರಿ ಹಡಗುಗಳನ್ನು ಹೆಕ್ಕಿಕೊಂಡು ಹೋದ. ಹಾಯಿಹಡಗಿಗೆ ಗಾಳಿಗೆ ಎದುರಾಗಿ ನೇರ ಬರಲಾಗದು. ಕಾವಲುಗಾರ ನೋಡುತ್ತಾ ನಿಂತಿದ್ದ.

ಅದೇ ವರ್ಷದ ಇನ್ನೊಂದು ಪ್ರಸಂಗ ಹೇಳದೆ ಮುಂದೆ ಹೋದರೆ ಬಾಯಿಗೆ ರುಚಿಯಿಲ್ಲ. ಫೆಬ್ರವರಿಯಲ್ಲಿ ಅಡ್ಮಿರಲ್ ರಾಡ್ನಿ ಡಚ್ಚರ ಸೇಂಟ್ ಯುಸ್ಟೇಷಿಯಸ್ ಎಂಬ ಅಂಗೈಯಗಲದ ದ್ವೀಪವನ್ನು ಹಿಡಿದ. ಎಲ್ಲ ದೇಶದವರೂ ಎಲ್ಲವನ್ನೂ ಮಾರುತ್ತಿದ್ದ ಶ್ರೀಮಂತ ಸಂತೆ ಅದು. ರಾಡ್ನಿ ಮನೆಯಲ್ಲಿ ಸಾಲಗಾರ. ಆ ಉಗ್ರಾಣಗಳನ್ನು ಕಂಡು ಯುದ್ಧವನ್ನೇ ಮರೆತ. ಕೋಟೆಯ ಮೇಲೆ ಡಚ್ ಬಾವುಟವನ್ನು ಹಾಗೆಯೇ ಹಾರಿಸಿಟ್ಟು, ನಂಬಿ ಬಂದ ಹಡಗುಗಳನ್ನು ಒಂದು ತಿಂಗಳ ಕಾಲ ಬಾಚಿದ. ದೋಚಿದ್ದನ್ನೆಲ್ಲ ಹಡಗುಗಳಿಗೆ ತುಂಬಿ, ಹೋಥಮ್ ಎಂಬ ಕೊಮೊಡೋರನ ಕಾವಲಿನಲ್ಲಿ ಇಂಗ್ಲೆಂಡಿಗೆ ಕಳಿಸಿಕೊಟ್ಟ. ಮೇ 2ರಂದು, ಇಂಗ್ಲೆಂಡಿನ ಬಾಗಿಲಲ್ಲೇ, ಸಿಲ್ಲಿ ದ್ವೀಪಗಳ ಹತ್ತಿರ, ಫ್ರೆಂಚ್ ಅಡ್ಮಿರಲ್ ಲಾ ಮೊತ್ ಪಿಕೆ ಎದುರಾಗಿ 22 ಹಡಗುಗಳನ್ನು ಕೊಂಡೊಯ್ದ. ಲೂಟಿಯ ಲೂಟಿ! ದ್ವೀಪದ ವರ್ತಕರು ಹೂಡಿದ ದಾವೆಗಳು ರಾಡ್ನಿಯನ್ನು ಸಾಯುವವರೆಗೂ ಕಾಡಿದವು.

ಕಾವಲಿನವರ ದುಃಸ್ವಪ್ನ ಎಂದರೆ ಮಾತ್ರ 1780ರ ಆಗಸ್ಟ್ 9. ಜುಲೈ ಕೊನೆಯಲ್ಲಿ ಇಂಗ್ಲೆಂಡಿನಿಂದ ಹೊರಟ 63 ಹಡಗುಗಳು. ಕಾಯಲು ಕ್ಯಾಪ್ಟನ್ ಜಾನ್ ಮೌಟ್ರೆಯ ರ‍್ಯಾಮಿಲೀಸ್, ಜತೆಗೆ ಎರಡು ಫ್ರಿಗೇಟ್. ಬಹುಪಾಲು ವೆಸ್ಟ್ ಇಂಡೀಸಿಗೆ, ಐದು ದೊಡ್ಡ ಹಡಗು ಇಂಡಿಯಾಕ್ಕೆ. ಕತ್ತಲಲ್ಲಿ ಮುಂದೆ ಎಲ್ಲೋ ಅಪರಿಚಿತ ದೀಪಗಳು ಕಂಡವು. ಮೌಟ್ರೆಗೆ ಅನುಮಾನ ಬಂದು ದಿಕ್ಕು ಬದಲಿಸಿ ಎಂದು ಸಂಕೇತ ಕೊಟ್ಟ. ಯಾರು ನೋಡುತ್ತಾರೆ? ದೀಪ ಕಂಡ ಕಡೆಗೇ ತಂಡ ನಡೆಯಿತು. ಸ್ಪೇನಿನ ಅಡ್ಮಿರಲ್ ಕೊರ್ದೊಬ ತನ್ನ ಭಾರಿ ಹಡಗು ಸಾಂತೀಸಿಮಾ ತ್ರಿನಿದಾದ್ ಮೇಲೆ ತೂಗಿಸಿದ್ದ ಲಾಂದ್ರವನ್ನೇ ತಮ್ಮ ನಾಯಕನದೆಂದು ಅವರು ನಂಬಿದರು ಎಂದು ಸ್ಪೇನಿನವರು ಇಂದಿಗೂ ಖುಷಿಯಿಂದ ಹೇಳುತ್ತಾರೆ. ಬೆಳಗಾದಾಗ ಸುತ್ತಲೂ ಸ್ಪೇನ್ ಮತ್ತು ಫ್ರಾನ್ಸಿನ ಕೂಡುನೌಕಾಪಡೆ. 55 ಹಡಗು ಹೋದವು. ಮೌಟ್ರೆಯ ಹಡಗೂ ಫ್ರಿಗೇಟುಗಳೂ ತಪ್ಪಿಸಿಕೊಂಡವು, ಅದೇ ದೊಡ್ಡ ಅಪರಾಧವಾಯಿತು. 15 ಲಕ್ಷ ಪೌಂಡುಗಳಷ್ಟು ನಷ್ಟ ಎಂದು ಅಂದಾಜು. ಲಾಯ್ಡ್ಸ್‌ನಲ್ಲಿ ಎಷ್ಟೋ ಮಂದಿ ದಿವಾಳಿ. ಮೌಟ್ರೆಯನ್ನು ಸೈನಿಕ ನ್ಯಾಯಾಲಯ ಹಡಗಿನಿಂದ ಇಳಿಸಿತು, ಸ್ವಲ್ಪ ಕಾಲದಲ್ಲೇ ಇನ್ನೊಂದಕ್ಕೆ ಹತ್ತಿಸಿದರು. ಸಂಕೇತ ಕೊಟ್ಟೂ ಕೇಳದಿದ್ದವರನ್ನು ಯಾರೂ ಕಟಕಟೆಗೆ ಕರೆದಂತಿಲ್ಲ.

ಇದಕ್ಕೆ ತದ್ವಿರುದ್ಧ ಹಿಂದಿನ ವರ್ಷದ ಬ್ರಿಟಿಷ್ ಕ್ಯಾಪ್ಟನ್ ರಿಚರ್ಡ್ ಪಿಯರ್ಸನ್‌ನ ಕಥೆ. ಇದು ಅಟ್ಲಾಂಟಿಕ್ ಅಲ್ಲ, ಉತ್ತರ ಸಮುದ್ರ, ಆದರೂ ಇರಲಿ. ಅಮೆರಿಕದ ಜಾನ್ ಪಾಲ್ ಜೋನ್ಸ್‌ನ ಎದುರು ಸೆರಾಪಿಸ್ ಹಡಗನ್ನು ಒಡ್ಡಿ ಹೋರಾಡಿ, ಸೋತು, ಹಡಗನ್ನೇ ಒಪ್ಪಿಸಿದ. ಅಷ್ಟು ಹೊತ್ತಿಗೆ ಅವನು ಕಾಯುತ್ತಿದ್ದ 40ಕ್ಕೂ ಹೆಚ್ಚು ಸರಕು ಹಡಗುಗಳು ಕ್ಷೇಮವಾಗಿ ದಡ ಸೇರಿದ್ದವು. ದೊರೆ ಅವನಿಗೆ 'ಸರ್' ಪಟ್ಟ ಕಟ್ಟಿದ. ಸೋತವನಿಗೆ ಸನ್ಮಾನ ಸಿಕ್ಕ ಇಂಥ ಉದಾಹರಣೆ ನೌಕಾಪಡೆಯಲ್ಲಿ ಅಪರೂಪ.

ಇಷ್ಟೆಲ್ಲ ಕಾದದ್ದು ಏನನ್ನು ಎಂಬ ಪ್ರಶ್ನೆ ಮಾತ್ರ ಹರಟೆಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. 1762ರ ಡಿಸೆಂಬರ್ ಕೊನೆಯಲ್ಲಿ ಪೋರ್ಟ್ಸ್‌ಮತ್ ಹೊರಗೆ ಬೆಂಗಾವಲಿಗಾಗಿ ಕಾಯುತ್ತಿದ್ದ ಹಡಗುಗಳಲ್ಲಿ ಚಾರ್ಮಿಂಗ್ ಸ್ಯಾಲಿ ಎಂಬುದೂ ಒಂದು. ಅದರೊಳಗೆ ಒಲಾಡಾ ಎಕ್ವಿಯಾನೋ ಎಂಬ ಕರಿಯ ತರುಣ. ವರ್ಷಗಟ್ಟಲೆ ಬ್ರಿಟಿಷ್ ಯುದ್ಧನೌಕೆಗಳಲ್ಲೇ ದುಡಿದು, ತೋಪಿಗೆ ಮದ್ದು ಹೊತ್ತು, ಇನ್ನೇನು ಬಿಡುಗಡೆ ಎಂದುಕೊಂಡಿದ್ದವನನ್ನು ಅವನ ಒಡೆಯನಾಗಿದ್ದ ನೌಕಾಧಿಕಾರಿ ಮಾರಿಬಿಟ್ಟಿದ್ದ. ದಡದ ಗೆಳೆಯರು ಕಾಪಾಡಿಯಾರು ಎಂದು ಕಾದ. ದೋಣಿ ತಂದುಕೊಡುತ್ತೇನೆಂದ ನಾವಿಕನೊಬ್ಬನಿಗೆ ತನ್ನಲ್ಲಿದ್ದ ಚಿನ್ನದ ಗಿನಿ ಕೊಟ್ಟ. ಆತ ಹಣ ನುಂಗಿ ಸುಮ್ಮನಾದ. ಗಾಳಿ ಪೂರ್ವಕ್ಕೆ ತಿರುಗಿದ ದಿನ ಬೆಂಗಾವಲಿನ ಫ್ರಿಗೇಟ್ ಈಯೋಲಸ್ ಹೊರಡುವ ಸಂಕೇತ ಕೊಟ್ಟಿತು. 1763ರ ಫೆಬ್ರವರಿ 13ರಂದು ಮಾಂಟ್ಸೆರಾಟ್ ದ್ವೀಪ ಕಾಣಿಸಿತು. 1789ರಲ್ಲಿ ಅಚ್ಚಾದ ತನ್ನ ಆತ್ಮಕಥೆಯಲ್ಲಿ ಅವನೇ ಇದನ್ನೆಲ್ಲ ಬರೆದಿದ್ದಾನೆ. ಕಡತದ ಪ್ರಕಾರ ಅದೊಂದು ಯಶಸ್ವಿ ಬೆಂಗಾವಲು. ನಾನು ಇಷ್ಟು ಹೊತ್ತು ಮರುಕ ತೋರಿಸಿದ ಸಕ್ಕರೆಯೂ ಅವನಂಥವರ ಬೆನ್ನಿನ ಮೇಲಿಂದಲೇ ಇಳಿದು ಬಂದದ್ದು.

ಕೆಲವೊಮ್ಮೆ ಕಾಯುವವರನ್ನೇ ಕಾಯಬೇಕಾಗಿ ಬರುತ್ತಿತ್ತು. ಮೌಟ್ರೆಯನ್ನು ಕಳೆದುಕೊಂಡ ರ‍್ಯಾಮಿಲೀಸ್ 1782ರಲ್ಲಿ ಅಡ್ಮಿರಲ್ ಗ್ರೇವ್ಸ್‌ನ ಮುಖ್ಯ ಹಡಗಾಗಿ, ಜುಲೈ ಕೊನೆಯಲ್ಲಿ ಜಮೈಕಾದಿಂದ ಸಕ್ಕರೆ ತಂಡವನ್ನು ಕರೆದುಕೊಂಡು ಹೊರಟಿತು. ಜತೆಗೆ ಫ್ರೆಂಚರಿಂದ ಆಗಷ್ಟೇ ಗೆದ್ದುಕೊಂಡಿದ್ದ ದೈತ್ಯ ಹಡಗು ವೀಲ್ ದ ಪಾರಿ. ಸೆಪ್ಟೆಂಬರ್ ಮಧ್ಯದಲ್ಲಿ ಚಂಡಮಾರುತ ಬಡಿಯಿತು. ವಿಮೆಯ ಕರಾರಿನ ತಾರೀಖನ್ನು ಕಡಲು ಓದಿರಲಿಲ್ಲ. ವೀಲ್ ದ ಪಾರಿಯ ನೂರಾರು ಜನರಲ್ಲಿ ಉಳಿದವನು ಒಬ್ಬ. ಕಾವಲಿನ ಇನ್ನೊಂದು ಹಡಗು ಸೆಂಟಾರ್‌ನ ಕ್ಯಾಪ್ಟನ್ ಇಂಗ್ಲ್‌ಫೀಲ್ಡ್ ಹನ್ನೊಂದು ಜನರೊಂದಿಗೆ ಪುಟ್ಟ ದೋಣಿಗೆ ಧುಮುಕಿ, ಹದಿನಾರು ದಿನ ಅಲೆದು ಅಜೋರ್ಸ್ ದ್ವೀಪಗಳ ಫಾಯಲ್ ಸೇರಿದ. ಒಬ್ಬ ದಡ ಕಾಣುವ ಮೊದಲೇ ಸತ್ತಿದ್ದ. ನೀರು ತುಂಬಿದ ರ‍್ಯಾಮಿಲೀಸನ್ನು ಗ್ರೇವ್ಸ್ ಸುಡಿಸಿಬಿಟ್ಟ. ಅದರ ಆರು ನೂರು ಜನರನ್ನು ಹತ್ತಿಸಿಕೊಂಡು ಕಾಪಾಡಿದವರು ಯಾರೆಂದರೆ, ಮಾತು ಕೇಳದ, ರಾತ್ರಿ ಹಾಯಿ ಇಳಿಸಿ ಮಲಗುವ, ನಾಚಿಕೆಗೆಟ್ಟ ಅದೇ ಸರಕು ಹಡಗಿನವರು. ಈ ತಂಡದ್ದೇ ಒಂದು ಹಡಗಿನ ವ್ಯಾಜ್ಯ ಲಾರ್ಡ್ ಮ್ಯಾನ್ಸ್‌ಫೀಲ್ಡರ ನ್ಯಾಯಾಲಯಕ್ಕೆ ಹೋಯಿತು. ಆ ಹಡಗು ಗ್ರೇವ್ಸ್ ಹೊರಟ ಮೇಲೆ ತಡವಾಗಿ ಬಂದು, ಹಿಂದೆ ಉಳಿದಿದ್ದ ಒಂದು ಯುದ್ಧನೌಕೆಯ ಜತೆ ಹೋಗಿ ತಂಡ ಸೇರಿಕೊಂಡಿತ್ತು. ಆ ಯುದ್ಧನೌಕೆ ಬೆಂಗಾವಲಿಗೆಂದು ನೇಮಿಸಿದ ಹಡಗಲ್ಲ, ಆದ್ದರಿಂದ ಕರಾರು ಮುರಿದ ಹಾಗೆ, ವಿಮೆಯಿಲ್ಲ. ವಿಮೆಯವರ ಬುದ್ಧಿ ಇನ್ನೂರೈವತ್ತು ವರ್ಷದಿಂದ ಒಂದೇ ರೀತಿ ಚುರುಕಾಗಿದೆ.

ಇದೆಲ್ಲ ಎಲ್ಲಿಯದೋ ಕಡಲಿನ ಮಾತು ಎನ್ನುವಿರಾ? 1780ರ ಆಗಸ್ಟಿನಲ್ಲಿ ಇಂಡಿಯಾಕ್ಕೆ ಹೋಗಬೇಕಾಗಿದ್ದ ಐದು ಹಡಗು ಸ್ಪೇನಿನ ಪಾಲಾದ ವಾರಗಳಲ್ಲೇ ಹೈದರಾಲಿಯ ಸೈನ್ಯ ಘಟ್ಟ ಇಳಿದು ಆರ್ಕಾಟಿನ ಬಯಲಲ್ಲಿ ಹರಡಿತ್ತು. ಮರುವರ್ಷ ಮಾರ್ಚಿನಲ್ಲಿ ಕೊಮೊಡೋರ್ ಜಾನ್‌ಸ್ಟನ್ ಇನ್ನೊಂದು ತಂಡವನ್ನು ಕರೆದು ಹೊರಟ. ಕಂಪನಿಯ ಹಡಗುಗಳು, ಸೈನಿಕರ ಹಡಗುಗಳು. ಅವುಗಳಲ್ಲಿ 42ನೆಯ ಹೈಲ್ಯಾಂಡರ್ ರೆಜಿಮೆಂಟಿನ ಎರಡನೆಯ ಬೆಟಾಲಿಯನ್. ನೀರು ತುಂಬಿಕೊಳ್ಳಲು ಕೇಪ್ ವರ್ಡ್ ದ್ವೀಪಗಳ ಪೋರ್ಟೊ ಪ್ರಾಯಾದಲ್ಲಿ ಹೇಗೆಂದರೆ ಹಾಗೆ ಲಂಗರು ಹಾಕಿ ಕೂತ. ಏಪ್ರಿಲ್ 16ರಂದು ಸುಫ್ರೆನ್ ಎಂಬ ಫ್ರೆಂಚ್ ಅಧಿಕಾರಿ ಐದು ಯುದ್ಧನೌಕೆಗಳೊಂದಿಗೆ ನೇರ ಬಂದರಿನೊಳಕ್ಕೇ ನುಗ್ಗಿದ. ಕಾಳಗದಲ್ಲಿ ಯಾರೂ ಗೆಲ್ಲಲಿಲ್ಲ, ಆದರೆ ಗುಡ್ ಹೋಪ್ ಭೂಶಿರವನ್ನು ಸುಫ್ರೆನ್ ಮೊದಲು ಮುಟ್ಟಿ ಭದ್ರ ಮಾಡಿದ. ಆಮೇಲೆ ಇಂಡಿಯಾಕ್ಕೆ ಬಂದು, 1782ರ ಜುಲೈಯಲ್ಲಿ ಕಡಲೂರಿನಲ್ಲಿ ಹೈದರಾಲಿಯನ್ನೂ ಭೇಟಿಯಾದ.

ಹೈಲ್ಯಾಂಡರ್‌ಗಳು ಮುಂಬಯಿಯಲ್ಲಿ ಇಳಿದರು. ಅವರಲ್ಲೊಬ್ಬ ಅಧಿಕಾರಿ ಜಾನ್ ಕ್ಯಾಂಪ್‌ಬೆಲ್, 1783ರ ಮೇ ತಿಂಗಳಿಂದ ಮಂಗಳೂರು ಕೋಟೆಯೊಳಗೆ ಟಿಪ್ಪುವಿನ ಮುತ್ತಿಗೆಗೆ ಸಿಕ್ಕಿಬಿದ್ದ. ಅಕ್ಕಿ ಮುಗಿಯಿತು, ಆಮೇಲೆ ಕುದುರೆಗಳೂ ಮುಗಿದವು. ನವೆಂಬರಿನಲ್ಲಿ ಬ್ರಿಟಿಷ್ ಹಡಗುಗಳು ಕೋಟೆಯ ಎದುರಿಗೆ ಬಂದು ನಿಂತವು. ಹಡಗಿನ ಮೇಲಿದ್ದವನು ಜನರಲ್ ಮ್ಯಾಕ್ಲಿಯಾಡ್, ಅದೇ ಬೆಟಾಲಿಯನ್ ಕಟ್ಟಿಕೊಂಡು ಅದೇ ಅಟ್ಲಾಂಟಿಕ್ ತಂಡದಲ್ಲಿ ಬಂದವನು. ಕದನವಿರಾಮ ಜಾರಿಯಲ್ಲಿದೆ ಎಂಬ ಕಾರಣಕ್ಕೆ ಟಿಪ್ಪುವಿನೊಂದಿಗೆ ಮಾತಾಡಿ, ಒಂದಿಷ್ಟು ದವಸ ಕೊಡಿಸಿ, ತಿರುಗಿ ಹೊರಟುಹೋದ. 1784ರ ಜನವರಿ 30ರಂದು ಕ್ಯಾಂಪ್‌ಬೆಲ್ ಕೋಟೆ ಬಿಟ್ಟುಕೊಟ್ಟ.